ಹೊಣೆಯ ಕಾಲಂನಲ್ಲಿ ಮೂರು ಹೆಸರು

ನಾನು ನಿಂತಿದ್ದದ್ದು ಅಮೆರಿಕದ ಬಾಥೆಲ್ ಊರಿನ ನಮ್ಮ ಆಫೀಸಿನ ಮೇಲಿನ ಮಹಡಿಯ ಓಣಿಯಲ್ಲಿ, ಪ್ಯಾಂಟ್ರಿಯ ಬಾಗಿಲಿನಿಂದ ಎಂಟು ಹೆಜ್ಜೆ ದೂರದಲ್ಲಿ, ಲ್ಯಾಬಿನ ಗಾಜಿನ ಗೋಡೆಗೆ ಮುಖ ಮಾಡಿ. ಅಕ್ಟೋಬರ್ ತಿಂಗಳ ಒಂದು ಮಂಗಳವಾರ, ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷ. ಎಂಟು ಹೆಜ್ಜೆ ಎಂದು ಹೇಳಬಲ್ಲೆ, ಏಕೆಂದರೆ ಆಮೇಲೆ ಮೂರು ಸಲ ಅಳೆದಿದ್ದೇನೆ. ಗಂಟೆಯನ್ನೂ ಹೇಳಬಲ್ಲೆ, ಏಕೆಂದರೆ ನನ್ನ ಫೋನಿನಲ್ಲಿ ಎರಡು ನಲವತ್ತೊಂದಕ್ಕೆ ನಾನು ಒಂದು ಗುಂಡಿ ಒತ್ತಿದ ದಾಖಲೆ ಇದೆ. ಕೈಯಲ್ಲಿ ಟೀ ಲೋಟ ಇತ್ತು. ಉಳಿದದ್ದರಲ್ಲಿ ಯಾವುದು ನಾನು ಕಂಡದ್ದು, ಯಾವುದು ಆಮೇಲೆ ಬೇರೆಯವರ ಮಾತು ಕೇಳಿ ಕಂಡೆನೆಂದು ಅಂದುಕೊಂಡದ್ದು ಎನ್ನುವುದು ನನಗೆ ಇವತ್ತಿಗೂ ಪೂರ್ತಿ ಬಿಡಿಸಿ ಹೇಳಲು ಬರುವುದಿಲ್ಲ.

ಗಾಜಿನ ಆಚೆ ಐದು ಫ್ರೀಜರ್‌ಗಳು ಸಾಲಾಗಿ ನಿಂತಿದ್ದವು. ಬೀರುವಿನಷ್ಟು ಎತ್ತರದವು, ಒಳಗೆ ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗೆ. ಅವುಗಳಲ್ಲಿ ಇದ್ದದ್ದು ರಕ್ತದ ಮಾದರಿಗಳು. ಒಂದು ಅಪರೂಪದ ಕಾಯಿಲೆ ಇದ್ದವರು ಸಂಶೋಧನೆಗೆಂದು ಕೊಟ್ಟದ್ದು. ಕೊಟ್ಟವರಲ್ಲಿ ಕೆಲವರು ಈಗ ಬದುಕಿಲ್ಲ, ಅವರಿಂದ ಮತ್ತೆ ಪಡೆಯುವ ಹಾಗಿಲ್ಲ. ಮೂರನೆಯ ಫ್ರೀಜರಿನ ಮೇಲೆ ಹಳದಿ ದೀಪ ಮಿನುಗುತ್ತಿತ್ತು. ಅಂಕಿ ಮೈನಸ್ ಅರವತ್ತೊಂದೋ ಅರವತ್ತೇಳೋ ಇತ್ತು. ಬಾಗಿಲಿನ ಮೇಲಂಚಿನಿಂದ ಬಿಳಿಯ ಹಬೆಯಂಥದ್ದು ಎಳೆಯಾಗಿ ಇಳಿಯುತ್ತಿತ್ತು. ಅದನ್ನು ನೋಡಿದ್ದು ನಿಜ. ಬಾಗಿಲು ಸರಿಯಾಗಿ ಕೂತಿಲ್ಲ ಎಂಬುದು ಅದರ ಅರ್ಥ ಎಂದು ಆಗ ಹೊಳೆಯಿತೋ ಇಲ್ಲವೋ ಎಂಬುದನ್ನು ಮಾತ್ರ ಪ್ರಮಾಣ ಮಾಡಿ ಹೇಳಲಾರೆ.

ನನ್ನ ಕೆಲಸ ಏನೆಂದು ಇಲ್ಲಿ ಹೇಳಬೇಕು. ಕಂಪನಿಯ ಬೇರೆ ಬೇರೆ ವಿಭಾಗಗಳು ಸೇರಿ ಸಾಧಿಸಬೇಕಾದ ಗುರಿಗಳ ಪಟ್ಟಿ ಇಟ್ಟುಕೊಳ್ಳುವುದು ನನ್ನ ಕೆಲಸ. ಮೂರು ತಿಂಗಳಿಗೊಮ್ಮೆ ಅದನ್ನು ಎಲ್ಲರ ಮುಂದೆ ತೋರಿಸುತ್ತೇನೆ. ನಡೆಯುತ್ತಿದ್ದರೆ ಹಸಿರು, ಎಡವುತ್ತಿದ್ದರೆ ಹಳದಿ, ಬಿದ್ದರೆ ಕೆಂಪು. ಪ್ರತಿ ಗುರಿಯ ಎದುರಿಗೆ ಓನರ್ ಎಂದು ಒಂದು ಕಾಲಂ, ಅಂದರೆ ಯಾರ ಹೊಣೆ ಎಂದು ಬರೆಯುವ ಜಾಗ. ಆ ವರ್ಷದ ಗುರಿಗಳಲ್ಲಿ ಒಂದು ಹೀಗಿತ್ತು: ಫ್ರೀಜರಿನ ಅಲಾರ್ಮ್ ಬಂದರೆ ಹತ್ತು ನಿಮಿಷದೊಳಗೆ ಅದನ್ನು ಗಮನಿಸಿರಬೇಕು. ಅದರ ಎದುರಿಗೆ ಓನರ್ ಕಾಲಂನಲ್ಲಿ ನಾನು ಮೂರು ವಿಭಾಗಗಳ ಹೆಸರು ಬರೆದಿದ್ದೆ: ಲ್ಯಾಬ್, ಕಟ್ಟಡ, ಸಾಫ್ಟ್‌ವೇರ್.

ಹಾಗೆ ಬರೆಯಬೇಡಿ ಎಂದು ಒಬ್ಬರು ಹೇಳಿದ್ದರು. ಲ್ಯಾಬ್ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳು, ಮೈಸೂರಿನವರು, ನನಗಿಂತ ಹತ್ತು ವರ್ಷ ಚಿಕ್ಕವರು. ಮನೆಯಲ್ಲಿ ಉರ್ದು, ನನ್ನ ಜೊತೆ ಕನ್ನಡ. ಆಫೀಸಿನಲ್ಲಿ ಯಾರೂ ಯಾರನ್ನೂ ಸರ್ ಎನ್ನುವುದಿಲ್ಲ. ಅವರು ಮಾತ್ರ ನನ್ನನ್ನು ಹಾಗೆ ಕರೆಯುತ್ತಿದ್ದರು, ಅರ್ಧ ಮರ್ಯಾದೆಗೆ, ಅರ್ಧ ಕಾಲೆಳೆಯಲು. ಆಗಸ್ಟ್‌ನಲ್ಲಿ ಒಂದು ದಿನ ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಸರ್, ಆ ಫ್ರೀಜರ್ ಗೋಲ್ ಇದೆಯಲ್ಲ, ಓನರ್ ಕಾಲಂನಲ್ಲಿ ನನ್ನ ಹೆಸರು ಒಂದೇ ಹಾಕ್ಬಿಡಿ."

"ಅಷ್ಟನ್ನೂ ನೀವೊಬ್ರೇ ಹೊತ್ಕೋತೀರಾ?"

"ಹೊತ್ಕೋತೀನಿ. ಆದ್ರೆ ರಿಪೇರಿಯವರಿಗೆ ನಾನೇ ನೇರ ಕಾಲ್ ಮಾಡೋ ಹಾಗಿರ್ಬೇಕು. ತುರ್ತಿಗೆ ಅಂತ ಖಾಲಿ ಇಟ್ಟಿರೋ ಫ್ರೀಜರ್ ಕೀ ನನ್ನ ಹತ್ರ ಇರ್ಬೇಕು. ಮತ್ತೆ ಅಲಾರ್ಮ್ ನಾನು ನಿಲ್ಲಿಸೋವರೆಗೂ ಹೊಡ್ಕೊಳ್ತಾನೇ ಇರ್ಬೇಕು. ಅವ್ರಿವ್ರೆಲ್ಲ ಫೋನಲ್ಲಿ ಒತ್ತಿ ಅದರ ಬಾಯಿ ಮುಚ್ಚಿಸೋದು ಬೇಡ."

"ನೋಡೋಣ. ಎಲ್ಲರನ್ನೂ ಒಂದ್ಮಾತು ಕೇಳ್ಬೇಕಲ್ಲ."

"ನೋಡೋಣ ಅಂದ್ರೆ ಆಗಲ್ಲ ಅಂತ ತಾನೆ ಸರ್. ನಾನೂ ನಿಮ್ಮ ಕಡೆಯವ್ಳೇ, ಗೊತ್ತಾಗತ್ತೆ."

ಆ ಸಂಜೆ ಅದೇ ಮೂರು ಬೇಡಿಕೆಗಳನ್ನು ಬರೆದು ಕಳಿಸಿದರು. ನಾನು ಎಲ್ಲರನ್ನೂ ಕೇಳಿದೆ. ಕಟ್ಟಡದ ವಿಭಾಗಕ್ಕೆ ಕೀ ಬಿಟ್ಟುಕೊಡಲು ಇಷ್ಟವಿರಲಿಲ್ಲ. ಅಲಾರ್ಮ್ ನಾವು ಕಟ್ಟಿದ್ದು, ನಮ್ಮ ಹೆಸರು ಇರಲೇಬೇಕು ಎಂದರು ಸಾಫ್ಟ್‌ವೇರಿನವರು. ಯಾರನ್ನೂ ಬಿಟ್ಟು ಬೇಜಾರು ಮಾಡುವುದು ನನಗೆ ಬೇಡವಾಗಿತ್ತು. ಮದುವೆಯ ಕರೆಯೋಲೆಯಲ್ಲಿ ಹಿರಿಯರ ಹೆಸರು ಸೇರಿಸುತ್ತಾ ಹೋಗುತ್ತಾರಲ್ಲ, ಹಾಗೆ ಮೂರನ್ನೂ ಬರೆದುಬಿಟ್ಟೆ. ಎಲ್ಲರೂ ಸೇರಿ ನೋಡಿಕೊಂಡರೆ ಇನ್ನೂ ಒಳ್ಳೆಯದೇ ಅಲ್ಲವೇ ಎಂದು ಲ್ಯಾಬಿನವರಿಗೆ ಉತ್ತರ ಕಳಿಸಿದೆ.

ಮತ್ತೆ ಆ ಓಣಿಗೆ ಬರುತ್ತೇನೆ. ಅಲಾರ್ಮ್ ಮೊದಲ ಸಲ ಕೂಗಿದ್ದು ಎರಡು ಮೂವತ್ತೆರಡಕ್ಕೆ. ಅದು ಕೂಗಿದಾಗ ಮೂರು ವಿಭಾಗದವರ ಫೋನಿಗೂ, ಪಟ್ಟಿ ಇಡುವ ನನ್ನ ಫೋನಿಗೂ ಸಂದೇಶ ಬರುತ್ತದೆ. ಕೆಳಗೆ 'ಗಮನಿಸಿದೆ' ಎಂಬ ಗುಂಡಿ. ಮೊದಲನೆಯವರು ಒತ್ತಿದ ಕೂಡಲೆ ಸದ್ದು ನಿಲ್ಲುತ್ತದೆ. ಉಳಿದವರು ಒತ್ತಿದರೆ ಅವರ ಹೆಸರೂ ಸೇರುತ್ತದೆ. ಮೊದಲು ಒತ್ತಿದ್ದು ಸಾಫ್ಟ್‌ವೇರ್ ತಂಡದ ಮುಖ್ಯಸ್ಥ, ಬೆಂಗಳೂರಿನ ರಾಜಾಜಿನಗರದವನು, ನನಗೆ ಹನ್ನೆರಡು ವರ್ಷದ ಗೆಳೆಯ. ಅವನು ಪ್ಯಾಂಟ್ರಿಯಿಂದ ಹೊರಗೆ ಬಂದು ನನ್ನ ಪಕ್ಕ ನಿಂತ.

"ಏನ್ ಗುರು, ಫ್ರೀಜರ್ ನೋಡ್ಕೊಂಡು ಟೀ ಕುಡೀತಿದ್ದೀಯಾ? ಆರಿಹೋಗತ್ತೆ."

"ಅಲಾರ್ಮ್ ಬಂದಿದೆಯಲ್ಲೋ."

"ಬಂತು, ಬಂತು. ಹೋದ ವಾರ ಮೂರು ಸಲ ಬಂದಿತ್ತು, ಏನೂ ಆಗಿರ್ಲಿಲ್ಲ. ಆ ಸೆನ್ಸರ್‌ಗೆ ಬಾಯಿ ಜಾಸ್ತಿ. ನಾನಾಗ್ಲೇ ಒತ್ತಿದೀನಿ. ನೀನೂ ಒತ್ತು, ಮೂರು ಗಂಟೆ ಮೀಟಿಂಗ್‌ನಲ್ಲಿ ಚೆನ್ನಾಗಿ ಕಾಣತ್ತೆ."

ನಾನು ಒತ್ತಿದೆ. ನಾನು ಒತ್ತಬೇಕಾದ ಅಗತ್ಯವೇ ಇರಲಿಲ್ಲ. ಆ ಕಾಲಂನಲ್ಲಿ ನನ್ನ ಹೆಸರಿರಲಿಲ್ಲ.

ಗಾಜಿನ ಆಚೆ ಲ್ಯಾಬಿನ ಹೆಣ್ಣುಮಗಳು ಫ್ರೀಜರಿನ ಎದುರಿಗೇ ಇದ್ದರು. ಎರಡು ಮೂವತ್ತೈದಕ್ಕೆ ಅವರೂ ಗುಂಡಿ ಒತ್ತಿ, ಬಾಗಿಲಿನ ಮೇಲಂಚಿನ ಸಂದು ಕಾಣದೆ ಯಂತ್ರವೇ ಕೆಟ್ಟಿದೆ ಎಂದುಕೊಂಡು, ಕಟ್ಟಡ ನೋಡಿಕೊಳ್ಳುವವರಿಗೆ ಫೋನ್ ಮಾಡಿ, ಖಾಲಿ ಫ್ರೀಜರಿನ ಕೀ ತನ್ನಿ ಎಂದು ಧ್ವನಿಸಂದೇಶ ಬಿಟ್ಟಿದ್ದರು. ಇದು ನನಗೆ ಆಮೇಲೆ ಗೊತ್ತಾದದ್ದು. ಕಟ್ಟಡದವರು ಅಮೆರಿಕದವರೇ, ಅರವತ್ತು ದಾಟಿದ ಉದ್ದನೆಯ ಮನುಷ್ಯ, ಸೊಂಟದಲ್ಲಿ ಯಾವಾಗಲೂ ಕೀಗಳ ಗೊಂಚಲು. ಅವರು ಎರಡು ನಲವತ್ತನಾಲ್ಕಕ್ಕೆ ಓಣಿಯ ಆ ತುದಿಯಿಂದ ಬಂದು, ಗಾಜಿನೊಳಗೆ ಇಣುಕಿ, ಫೋನ್ ತೆಗೆದು ನೋಡಿದರು. ಆಗಲೇ ಮೂರು ಜನ ಒತ್ತಿದ್ದರು. ತಾವೂ ಒತ್ತಿ, ನಮಗೆ ತಲೆಯಾಡಿಸಿ, ಮೆಟ್ಟಿಲ ಕಡೆಗೆ ಹೋದರು. ಧ್ವನಿಸಂದೇಶ ಅವರು ಕೇಳಿಯೇ ಇರಲಿಲ್ಲ. ಲ್ಯಾಬಿನವರು ಒಳಗಿದ್ದಾರೆ, ಸಾಫ್ಟ್‌ವೇರಿನವರು ಇಲ್ಲೇ ನಿಂತಿದ್ದಾರೆ, ಸದ್ದು ನಿಂತಿದೆ, ಇನ್ನು ನನಗೇನು ಕೆಲಸ ಎಂದು ಅವರಿಗೆ ಅನ್ನಿಸಿತಂತೆ.

ಎರಡು ಐವತ್ತೈದಕ್ಕೆ ನಾನು ಗಾಜಿನ ಮೇಲೆ ಬೆರಳಿನಿಂದ ಬಡಿದೆ. ಮೀಟಿಂಗಿಗೆ ಹೊತ್ತಾಗಿತ್ತು. ಲ್ಯಾಬಿನ ಹೆಣ್ಣುಮಗಳು ಕೈಗವಸು ತೆಗೆಯುತ್ತಾ ಬಾಗಿಲಿಗೆ ಬಂದರು.

"ಕೀ ತರೋಕೆ ಹೋದ್ರಾ ಅವ್ರು?" ಎಂದು ಕೇಳಿದರು.

"ಬಂದು ನೋಡ್ಕೊಂಡು ಹೋದ್ರಲ್ಲ. ತರ್ತಾರೆ ಬಿಡಿ," ಎಂದೆ.

ಇದನ್ನು ನಾನು ಯಾವ ಆಧಾರದ ಮೇಲೆ ಹೇಳಿದೆ? ಯಾವ ಆಧಾರವೂ ಇರಲಿಲ್ಲ. ಒಬ್ಬ ಮನುಷ್ಯ ಮೆಟ್ಟಿಲಿಳಿದು ಹೋದದ್ದನ್ನು ಕಂಡಿದ್ದೆ, ಅಷ್ಟೆ. ಲ್ಯಾಬಿನವರು ಒಂದು ಕ್ಷಣ ಫ್ರೀಜರಿನ ಕಡೆ ತಿರುಗಿ ನೋಡಿದರು. ಆಮೇಲೆ ನನ್ನ ಜೊತೆ ಬಂದರು.

ಮೂರರಿಂದ ಐದರವರೆಗೆ ಮೀಟಿಂಗ್. ನನ್ನ ಪಟ್ಟಿಯದೇ ಮೀಟಿಂಗ್. ಲ್ಯಾಬಿನವರು ನನ್ನ ಎಡಕ್ಕೆ ಕೂತಿದ್ದರು, ಗೆಳೆಯ ಎದುರಿಗೆ. ಕಟ್ಟಡದವರು ಕೆಳಗಿನ ತಮ್ಮ ಕೋಣೆಯಿಂದಲೇ ಸೇರಿದ್ದರು. ಪರದೆಯ ಮೇಲೆ ಅವರ ಜಾಗದಲ್ಲಿ ಕಪ್ಪು ಚೌಕ ಮಾತ್ರ. ಹನ್ನೊಂದನೆಯ ಸಾಲಿನಲ್ಲಿ ಫ್ರೀಜರ್ ಅಲಾರ್ಮಿನ ಗುರಿ ಬಂತು. ಹಸಿರು. ಮೂರು ತಿಂಗಳಲ್ಲಿ ಒಂದೂ ತಪ್ಪಿಲ್ಲ ಎಂದು ನಾನು ಓದಿದೆ. ಇವತ್ತಿನದೂ ಸೇರಿ, ಎಂದು ಗೆಳೆಯ ಸೇರಿಸಿದ. ನಮ್ಮೆಲ್ಲರ ಮೇಲಿನ ನಿರ್ದೇಶಕಿ, ಮೂರು ವಿಭಾಗ ಹೀಗೆ ಹೆಗಲಿಗೆ ಹೆಗಲು ಕೊಟ್ಟರೆ ನೋಡಲು ಚೆಂದ ಎಂದು ಮೆಚ್ಚಿದರು. ಓದಿದ ಅಂಕಿಯಲ್ಲಿ ಸುಳ್ಳಿರಲಿಲ್ಲ. ಅವತ್ತಿನ ಅಲಾರ್ಮನ್ನು ಹತ್ತು ನಿಮಿಷದೊಳಗೆ ನನ್ನನ್ನೂ ಸೇರಿಸಿ ಮೂರು ಜನ ಗಮನಿಸಿದ್ದರು, ಹನ್ನೆರಡನೆಯ ನಿಮಿಷಕ್ಕೆ ನಾಲ್ಕನೆಯವರು. ಗುರಿಯಲ್ಲಿ ಬರೆದದ್ದು ಗಮನಿಸುವುದು. ಬಾಗಿಲು ತಳ್ಳಿ ಮುಚ್ಚುವುದು ಅದರಲ್ಲಿ ಬರೆದಿರಲಿಲ್ಲ.

ಐದು ಹತ್ತಕ್ಕೆ ನಾವು ನಾಲ್ಕೂ ಜನ ಫ್ರೀಜರಿನ ಮುಂದೆ ನಿಂತಿದ್ದೆವು. ಲ್ಯಾಬಿಗೆ ಮರಳಿದ ಹೆಣ್ಣುಮಗಳೇ ಕರೆಸಿದ್ದು. ಅಂಕಿ ಮೈನಸ್ ಹತ್ತೊಂಬತ್ತು. ಇದು ನನಗೆ ಖಚಿತ. ಬಾಗಿಲಿನ ಸಂದಿನಲ್ಲಿ ಹಿಮ ಗಟ್ಟಿಯಾಗಿ ಬಾಗಿಲು ಬೆರಳಿನಷ್ಟು ತೆರೆದೇ ನಿಂತಿತ್ತು. ಅವರು ಸಂದಿಗೆ ತಾಗಿದ್ದ, ಎಲ್ಲಕ್ಕಿಂತ ಬೆಚ್ಚಗಾಗಿದ್ದ ಮೇಲಿನ ಅರೆಯಿಂದ ಒಂದು ಟ್ರೇ ಎಳೆದು, ಒಂದು ಸಣ್ಣ ಕೊಳವೆ ತೆಗೆದು ಓರೆಯಾಗಿ ಹಿಡಿದರು. ಕಲ್ಲಿನಂತೆ ಗಟ್ಟಿಯಾಗಿರಬೇಕಾದ ಒಳಗಿನದು ಹರಿಯಿತು. ಇನ್ನೊಂದು ತೆಗೆದರು. ಅದೂ ಹರಿಯಿತು. ಒಂದೊಂದನ್ನೂ ಅದರದೇ ಸಂಖ್ಯೆಯ ಗುಳಿಯಲ್ಲಿ ವಾಪಸ್ ಇಟ್ಟರು. ಕಟ್ಟಡದವರ ಕೈಯಲ್ಲಿ ಈಗ ಕೀ ಇತ್ತು. ಅದನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಇದ್ದರು. ನನ್ನ ಗೆಳೆಯ ಮೊದಲ ಸಲ ತಮಾಷೆ ಮಾಡಲಿಲ್ಲ. ಮೇಲಿನ ಎರಡು ಅರೆಗಳು ಪೂರ್ತಿ ಹೋಗಿದ್ದವು.

ಮಾರನೆಯ ವಾರ ವಿಚಾರಣೆ ಶುರುವಾಯಿತು. ನಾವು ನಾಲ್ಕೂ ಜನ ಎಲ್ಲಿ ನಿಂತಿದ್ದೆವು, ಎಷ್ಟು ಹೊತ್ತಿಗೆ, ಏನು ಕಂಡೆವು ಎಂದು ಬರೆದುಕೊಡಬೇಕಿತ್ತು. ಕೊನೆಯಲ್ಲಿ ನಿರ್ದೇಶಕಿ ತುಂಬಬೇಕಾದ ಒಂದು ಫಾರಂ. ಅದರಲ್ಲಿಯೂ ಓನರ್ ಎಂದೇ ಒಂದು ಬಾಕ್ಸ್ ಇತ್ತು. ಅದಕ್ಕೆ ಒಂದೇ ಹೆಸರು ಹಿಡಿಸುತ್ತಿತ್ತು. ಗುರಿಗೆ ಮೂವರು ಆಗಬಹುದು, ತಪ್ಪಿಗೆ ಒಬ್ಬರೇ ಆಗಬೇಕು ಎಂದು ಈ ಎರಡು ಫಾರಂಗಳನ್ನು ಮಾಡಿದವರು ಒಬ್ಬರನ್ನೊಬ್ಬರು ಕೇಳಿ ಮಾಡಿದ್ದರೋ ಇಲ್ಲವೋ, ನನಗೆ ತಿಳಿಯದು.

ಗುರುವಾರ ಮಧ್ಯಾಹ್ನ ಪಾರ್ಕಿಂಗ್ ಜಾಗದಲ್ಲಿ ಲ್ಯಾಬಿನ ಹೆಣ್ಣುಮಗಳು ನನ್ನ ಕಾರಿನ ಹತ್ತಿರ ಕಾಯುತ್ತಿದ್ದರು.

"ಡ್ರಾಫ್ಟ್ ನೋಡಿದ್ರಾ ಸರ್? ಬಾಕ್ಸ್‌ನಲ್ಲಿ ನನ್ನ ಹೆಸರು ಹಾಕಿದಾರೆ. ಆಗಸ್ಟ್‌ನಲ್ಲಿ ಹಿಡಿಸ್ಲಿಲ್ಲ, ಈಗ ಸಲೀಸಾಗಿ ಹಿಡಿಸ್ತು."

"ಅದು ಬರೀ ಡ್ರಾಫ್ಟ್ ಅಲ್ವಾ."

"ಸೋಮವಾರ ಫೈನಲ್. ನನ್ನನ್ನ ಕೆಲಸದಿಂದ ತೆಗೆದ್ರೆ ಈ ದೇಶ ಬಿಡೋಕೆ ನನಗೆ ಅರವತ್ತು ದಿನ. ಮನೆಯವ್ರು, ಮಕ್ಕಳು, ಎಲ್ರೂ ನನ್ನ ವೀಸಾ ಮೇಲೇ ಇರೋದು. ಇದು ನಿಮಗೆ ಗೊತ್ತಿರ್ಲಿ ಅಂತ ಹೇಳ್ದೆ. ಸುಳ್ಳು ಬರೀರಿ ಅಂತ ಕೇಳ್ತಿಲ್ಲ. ನೀವು ಕಂಡಿದ್ದು ಬರೀರಿ."

ನಾನು ಅಷ್ಟರಲ್ಲಿ ನನ್ನ ಹೇಳಿಕೆ ಬರೆದಾಗಿತ್ತು. ಎಂಟು ಹೆಜ್ಜೆ, ಎರಡು ನಲವತ್ತು, ಹಳದಿ ದೀಪ, ಬಿಳಿ ಹಬೆ, ಎಲ್ಲವೂ ಇತ್ತು. ಆಗಸ್ಟ್ ಇರಲಿಲ್ಲ. ಬಾಗಿಲಲ್ಲಿ ನಾನು ಆಡಿದ ಮಾತೂ ಇರಲಿಲ್ಲ. ಕೇಳಿದ್ದು ಏನು ಕಂಡೆ ಎಂದು, ಏನು ಅಂದೆ ಎಂದಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಶನಿವಾರ ಬೆಳಿಗ್ಗೆ ಇಸ್ಸಾಕ್ವಾದ ನಮ್ಮ ಮನೆಯಲ್ಲಿ ಹೆಂಡತಿ ದೋಸೆ ಹುಯ್ಯುತ್ತಿದ್ದಾಗ ಅದನ್ನು ಅವಳಿಗೆ ಓದಿ ಹೇಳಿದೆ. ಅವಳು ಕಾವಲಿಯಿಂದ ಕಣ್ಣು ತೆಗೆಯದೆ ಕೇಳಿದಳು.

"ಎಲ್ಲಾ ಸರಿ ಇದೆ. ಆಗಸ್ಟ್‌ನಲ್ಲಿ ಅವ್ಳು ಬಂದು ಕೇಳಿದ್ದು ಎಲ್ಲಿ?"

"ಅದು ಆ ದಿನದ್ದಲ್ಲ."

"ನನಗೆ ಅವತ್ತು ಸಂಜೆ ಬಂದು ಮೊದಲು ಹೇಳಿದ್ದೇ ಅದನ್ನ ನೀವು."

ಹಾಗೆ ಹೇಳಿದ್ದೆನೇ? ನನಗೆ ನೆನಪಿಲ್ಲ. ಅವಳು ಸುಳ್ಳು ಹೇಳುವವಳಲ್ಲ. ಎರಡನೆಯ ಸಲ ಬರೆದೆ. ಆಗಸ್ಟ್‌ನ ಅವರ ಸಂದೇಶ, ನನ್ನ ಉತ್ತರ, ಬಾಗಿಲಲ್ಲಿ ನಾನು ಕೊಟ್ಟ ಭರವಸೆ, ಎಲ್ಲವನ್ನೂ ಸೇರಿಸಿದೆ. ಮೂರು ಹೆಸರು ಬರೆದವನು ನಾನು, ಆ ಬಾಕ್ಸ್‌ನಲ್ಲಿ ನನ್ನ ಹೆಸರು ಹಾಕಿ ಎಂದು ಕೊನೆಗೆ ಬರೆದೆ.

ಸೋಮವಾರ ಬೆಳಿಗ್ಗೆ ನಿರ್ದೇಶಕಿ ನನ್ನನ್ನು ಕೂರಿಸಿಕೊಂಡು ಅದನ್ನು ಎರಡು ಸಲ ಓದಿದರು. ಕೋಪ ಇರಲಿಲ್ಲ, ಅವರಿಗೂ ದಾರಿ ಕಾಣುತ್ತಿರಲಿಲ್ಲ ಎಂದು ಕಾಣುತ್ತದೆ. ಕಂಪ್ಯೂಟರನ್ನು ನನ್ನ ಕಡೆಗೆ ತಿರುಗಿಸಿದರು. ಬಾಕ್ಸ್‌ನಲ್ಲಿ ಹೆಸರು ಬರೆಯುವ ಹಾಗಿಲ್ಲ, ಆರಿಸಬೇಕು. ಆರಿಸುವ ಪಟ್ಟಿಯಲ್ಲಿದ್ದದ್ದು ಆ ಗುರಿಯ ಓನರ್ ಕಾಲಂನಲ್ಲಿದ್ದ ಮೂರು ವಿಭಾಗಗಳ ಮುಖ್ಯಸ್ಥರು ಮಾತ್ರ. ನಾನು ಯಾವ ವಿಭಾಗಕ್ಕೂ ಸೇರಿದವನಲ್ಲ. ಅವರು ನನ್ನ ಹೆಸರನ್ನು ಟೈಪು ಮಾಡಿಯೂ ನೋಡಿದರು. ಅದು ತೆಗೆದುಕೊಳ್ಳಲಿಲ್ಲ. ಆಗಸ್ಟ್‌ನಲ್ಲಿ ನಡೆದದ್ದು ಗುರಿ ಹಾಕುವ ಕ್ರಮಕ್ಕೆ ಸಂಬಂಧಿಸಿದ್ದು, ಅದನ್ನು ಬೇರೆಯಾಗಿ ವಿಚಾರಿಸಬೇಕು, ಆ ವಿಚಾರಣೆ ಯಾರು ಮಾಡಬೇಕೆಂದು ಇನ್ನೂ ಗೊತ್ತುಮಾಡಿಲ್ಲ ಎಂದರು. ಹಾಗಾದರೆ ಲ್ಯಾಬಿನವರ ಹೆಸರು ಉಳಿಯುತ್ತದೆಯೇ ಎಂದು ಕೇಳಿದೆ. ಫ್ರೀಜರ್ ಇರುವುದು ಲ್ಯಾಬಿನ ಬಾಗಿಲಿನ ಒಳಗೆ, ಎಂದು ಅವರು ಮೆಲ್ಲಗೆ ಹೇಳಿದರು.

ನಾನು ಹೊರಗೆ ಬಂದಾಗ ಕಟ್ಟಡದವರು ಓಣಿಯಲ್ಲಿ ಗೋಡೆಗೊರಗಿ ನಿಂತಿದ್ದರು. ಏನಾಯಿತು ಎಂದರು. ಹೇಳಿದೆ. ಆರಿಸುವ ಪಟ್ಟಿಯಲ್ಲಿ ತನ್ನ ಹೆಸರಿದೆಯೇ ಎಂದು ಕೇಳಿದರು. ಇದೆ ಎಂದೆ. ತಾನು ಡಿಸೆಂಬರಿನಲ್ಲಿ ನಿವೃತ್ತನಾಗುವವನು, ತನ್ನ ಹೆಸರು ಅಲ್ಲಿದ್ದರೆ ಯಾರ ಮನೆಯೂ ಕದಲುವುದಿಲ್ಲ, ಕೀ ತನ್ನ ಸೊಂಟದಲ್ಲೇ ಇತ್ತು ಎನ್ನುವುದಂತೂ ಸುಳ್ಳಲ್ಲ, ಎಂದರು. ಇಂಗ್ಲಿಷಿನಲ್ಲಿ ಅವರು ಹೇಳಿದ್ದು ಇದಕ್ಕಿಂತ ಚಿಕ್ಕದಾಗಿತ್ತು. ನಾನು ಬೇಡ ಎನ್ನಬೇಕಿತ್ತು. ಬೇಡ ಎಂದೆನೋ, ಸುಮ್ಮನಿದ್ದೆನೋ, ಈಗ ಹೇಳಲಾರೆ. ಅವರು ಬಾಗಿಲು ತಟ್ಟಿ ಒಳಗೆ ಹೋದರು. ಹತ್ತು ನಿಮಿಷದಲ್ಲಿ ಹೊರಗೆ ಬಂದು, ಮುಗಿಯಿತು ಎಂದು ಕೈಯಾಡಿಸಿದರು.

ಲ್ಯಾಬಿನ ಹೆಣ್ಣುಮಗಳಿಗೆ ನಾನೇ ಹೋಗಿ ತಿಳಿಸಿದೆ. ಖುಷಿಪಡುತ್ತಾರೆ ಎಂದುಕೊಂಡಿದ್ದೆ.

"ಅವ್ರ ಹೆಸರಾ? ಅವ್ರು ಯಾಕೆ?" ಎಂದರು. ಕೈಗವಸನ್ನು ಎಳೆದು ಸರಿಮಾಡಿಕೊಂಡರು. "ನನ್ನ ಕೆಲಸ ಉಳೀತು, ಇಲ್ಲ ಅನ್ನಲ್ಲ. ಮನೆಗೆ ಹೋಗಿ ಹೇಳ್ತೀನಿ, ಅಮ್ಮಿ ದುವಾ ಮಾಡ್ತಾರೆ. ಆದ್ರೆ ಸರ್, ಕೇಳಿದಾಗ ನನಗೆ ಹೊಣೆ ಕೊಡ್ಲಿಲ್ಲ. ಈಗ ತಪ್ಪನ್ನೂ ಬೇರೆಯವ್ರಿಗೆ ಕೊಟ್ಬಿಟ್ರಿ. ಹಾಗಾದ್ರೆ ಈ ಆರು ವರ್ಷ ಆ ಫ್ರೀಜರ್‌ಗಳ ಮುಂದೆ ನಾನು ಏನ್ ಮಾಡ್ತಿದ್ದೆ, ಹೇಳಿ."



ಆ ಚಳಿಗಾಲದಲ್ಲಿ ಪಟ್ಟಿಯ ಕಾಲಂ ಬದಲಾಯಿಸಿದೆ. ಈಗ ಅದಕ್ಕೆ ಒಂದೇ ಹೆಸರು ಹಿಡಿಸುತ್ತದೆ, ಅದೂ ವಿಭಾಗದ ಹೆಸರಲ್ಲ, ಮನುಷ್ಯರ ಹೆಸರು. ಪಕ್ಕದಲ್ಲಿ ಇನ್ನೊಂದು ಕಾಲಂ ಸೇರಿಸಿದ್ದೇನೆ: ಈ ಹೊಣೆಗೆ ಬೇಕಾದ ಕೀ, ಅಧಿಕಾರ, ಫೋನ್ ನಂಬರು ಇವರ ಕೈಯಲ್ಲಿ ಇದೆಯೇ. ಅದು ತುಂಬದಿದ್ದರೆ ಮೊದಲನೆಯದರಲ್ಲಿ ಹೆಸರು ಬರೆಯಲು ಬಿಡುವುದಿಲ್ಲ. ಬಹಳ ಜನಕ್ಕೆ ನನ್ನ ಮೇಲೆ ಬೇಜಾರಾಗಿದೆ. ಗೆಳೆಯ ಕೂಡ, ನೀನು ಪೊಲೀಸ್ ಆಗ್ಬಿಟ್ಟೆ ಗುರು, ಎನ್ನುತ್ತಾನೆ. ಮಾಡಿದ್ದು ಸರಿಯೇ ಎಂದು ಹೆಚ್ಚಿನ ದಿನ ಅನ್ನಿಸುತ್ತದೆ. ಮೂರು ಹೆಸರಿದ್ದಾಗ ಯಾರೂ ಬಾಗಿಲು ತಳ್ಳಲಿಲ್ಲ, ಇದು ಗೊತ್ತು. ಒಂದೇ ಹೆಸರಿದ್ದರೆ ನಾನು, ಹೆಸರಿಲ್ಲದವನು, ಗಾಜು ಬಡಿದು ಬಾಗಿಲು ನೋಡಿ ಎಂದು ಹೇಳುತ್ತಿದ್ದೆನೇ? ಅದು ಗೊತ್ತಿಲ್ಲ.

ಕಟ್ಟಡದವರು ಡಿಸೆಂಬರಿನಲ್ಲಿ ನಿವೃತ್ತರಾದರು. ಬೀಳ್ಕೊಡುಗೆಗೆ ಕೇಕ್ ಇತ್ತು, ಯಾರೂ ಫ್ರೀಜರಿನ ಮಾತೆತ್ತಲಿಲ್ಲ. ಮಾರ್ಚಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು ಎಂದು ಸುದ್ದಿ ಬಂತು. ಕಂಪನಿಯ ದಾಖಲೆಯಲ್ಲಿ ಆ ಮಂಗಳವಾರದ ತಪ್ಪು ಈಗಲೂ ಅವರೊಬ್ಬರದೇ. ನನ್ನ ಎರಡನೆಯ ಹೇಳಿಕೆಯನ್ನು ಅದಕ್ಕೆ ಲಗತ್ತಿಸಿಲ್ಲ. ಎರಡು ಸಲ ಕೇಳಿದೆ. ಮುಚ್ಚಿದ ಕಡತಕ್ಕೆ ಕಾಗದ ಸೇರಿಸುವುದು ಯಾರ ಕೆಲಸವೆಂದು ಯಾರಿಗೂ ತಿಳಿದಿಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ಇದನ್ನು ಕಂಡವನು ನಾನೊಬ್ಬನೇ ಅಲ್ಲ. ಐದು ಹತ್ತಕ್ಕೆ ಆ ಫ್ರೀಜರಿನ ಮುಂದೆ ನಿಂತಿದ್ದವರಲ್ಲಿ ಮೂರು ಜನ ಇನ್ನೂ ಇದ್ದೇವೆ. ಸಾಫ್ಟ್‌ವೇರಿನ ನನ್ನ ಗೆಳೆಯ, ಅದೇ ಕಟ್ಟಡದಲ್ಲಿ ಈಗಲೂ ನನ್ನಿಂದ ನಾಲ್ಕು ಮೇಜು ಆಚೆ ಕೂರುತ್ತಾನೆ. ಲ್ಯಾಬಿನ ಹೆಣ್ಣುಮಗಳು ಈಗ ಸೌತ್ ಲೇಕ್ ಯೂನಿಯನ್ ಬಡಾವಣೆಯಲ್ಲಿ ಬೇರೆ ಕಡೆ ಕೆಲಸದಲ್ಲಿದ್ದಾರೆ, ಕೇಳಿದರೆ ಗಂಟೆ ನಿಮಿಷದ ಸಮೇತ ಹೇಳುತ್ತಾರೆ. ಮೂರನೆಯವನು ನಾನು.